ಫಾರ್ಮ್ಯಾಟ್ ಹೊಡೆಸುವ ಮುನ್ನ: ಐಎಸ್‌ಒ ಫೈಲಿನಿಂದ ವಿಂಡೋಸ್ 11ಕ್ಕೆ, ಹಂತ ಹಂತವಾಗಿ

ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮನೆ, ಅಂಗಡಿ, ಟ್ಯಾಕ್ಸ್ ಕನ್ಸಲ್ಟೆಂಟ್ ಕಚೇರಿ, ಡಿಟಿಪಿ ಸೆಂಟರ್ ಎಲ್ಲ ಕಡೆಯೂ ಹಳೆಯ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸುವ ಕೆಲಸ ಇನ್ನೂ ನಡೆದೇ ಇದೆ. ಇಂಟರ್ನೆಟ್ ನಿಧಾನವಿರುವ ಊರಿನಲ್ಲಿ, ಅಥವಾ ಒಂದೇ ಕಡೆ ನಾಲ್ಕಾರು ಯಂತ್ರಗಳಿದ್ದಾಗ, ಐಎಸ್‌ಒ ಎಂಬ ಒಂದೇ ದೊಡ್ಡ ಫೈಲನ್ನು ಒಮ್ಮೆ ಇಳಿಸಿಕೊಂಡು ಎಲ್ಲದಕ್ಕೂ ಬಳಸುವುದು ಅನುಕೂಲ. ತೊಂದರೆ ಬರುವುದು ಅರ್ಧ ದಾರಿಯಲ್ಲಿ. ಏನೋ ಒಂದು ಸಂಖ್ಯೆ ತೋರಿಸಿ ಇನ್‌ಸ್ಟಾಲ್ ನಿಂತುಹೋಗುತ್ತದೆ, ಹಳೆಯ ವಿಂಡೋಸ್ ವಾಪಸ್ ಬಂದು ಕೂರುತ್ತದೆ. ಅಂಗಡಿಗೆ ಒಯ್ದರೆ ಸಿಗುವ ಉತ್ತರ ಬಹುತೇಕ ಒಂದೇ: “ಫಾರ್ಮ್ಯಾಟ್ ಹೊಡೆದು ಹಾಕ್ಕೊಡ್ತೀವಿ ಬಿಡಿ ಸಾರ್.”

ಅಷ್ಟು ಬೇಗ ಒಪ್ಪಬೇಡಿ. ಫಾರ್ಮ್ಯಾಟ್ ಮಾಡಿದರೆ ವರ್ಷಗಳಿಂದ ಕೂಡಿಸಿಕೊಂಡ ಸಾಫ್ಟ್‌ವೇರ್, ಫಾಂಟ್, ಸೆಟ್ಟಿಂಗ್ ಎಲ್ಲ ಹೋಗುತ್ತದೆ. ಇನ್‌ಸ್ಟಾಲ್ ಎಲ್ಲಿ ಎಡವಿತು ಎಂಬುದನ್ನು ವಿಂಡೋಸ್ ತಾನೇ ಬರೆದಿಡುತ್ತದೆ. ಅದನ್ನು ಓದಲು ಎಂಜಿನಿಯರ್ ಆಗಬೇಕಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಯಾವುದನ್ನೂ ಹಾರಿಸಬೇಡಿ.

ಹಂತ 1: ಯಂತ್ರಕ್ಕೆ ಅರ್ಹತೆ ಇದೆಯೇ?

ವಿಂಡೋಸ್ 11ಕ್ಕೆ 64 ಬಿಟ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಸೌಲಭ್ಯ ಇರುವ ಯುಇಎಫ್‌ಐ ಬೇಕು. ರ್‍ಯಾಮ್, ಡಿಸ್ಕ್ ಎಲ್ಲರ ಬಳಿಯೂ ಇರುತ್ತವೆ. ಸಿಕ್ಕಿಕೊಳ್ಳುವುದು ಪ್ರೊಸೆಸರ್ ಮತ್ತು ಟಿಪಿಎಂ ವಿಷಯದಲ್ಲಿ.

ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಇರಬೇಕು. ‘ಸೆಟ್ಟಿಂಗ್ಸ್’ನಲ್ಲಿ ‘ಸಿಸ್ಟಮ್’, ಅದರಲ್ಲಿ ‘ಅಬೌಟ್’ ತೆರೆದರೆ ಹೆಸರು ಕಾಣುತ್ತದೆ. ಐ5-8250ಯು ಎಂದಿದ್ದರೆ ಅಡ್ಡಗೆರೆಯ ನಂತರದ 8 ತಲೆಮಾರನ್ನು ಹೇಳುತ್ತದೆ. ಐ5-7200ಯು ಎಂದಿದ್ದರೆ ಅದು ಏಳನೆಯದು, ಆಗುವುದಿಲ್ಲ. ಐ5-1135ಜಿ7 ಎಂಬುದನ್ನು ಮಾತ್ರ ಒಂದನೇ ತಲೆಮಾರು ಎಂದು ಓದಬೇಡಿ, ಅದು ಹನ್ನೊಂದನೆಯದು. ಇಷ್ಟೆಲ್ಲ ಲೆಕ್ಕ ಬೇಡವೆಂದರೆ ಮೈಕ್ರೋಸಾಫ್ಟ್‌ನದೇ ಆದ ‘ಪಿಸಿ ಹೆಲ್ತ್ ಚೆಕ್’ ಆ್ಯಪ್ ಹಾಕಿ ನೋಡಿ. ಏನು ಕೊರತೆ ಎಂದು ಅದೇ ಹೇಳುತ್ತದೆ.

ಟಿಪಿಎಂ ಇಲ್ಲ ಎಂದು ಬಂದರೆ ಎದೆಗುಂದಬೇಡಿ. ಎಂಟನೇ ತಲೆಮಾರಿನ ನಂತರದ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಬಯಾಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಯಂತ್ರದಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಬಯಾಸ್‌ಗೆ ಹೋಗಿ ಆನ್ ಮಾಡಬಹುದು. ಆದರೆ ಬಯಾಸ್‌ಗೆ ಕೈ ಹಾಕುವ ಮುಂಚೆ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ. 48 ಅಂಕಿಗಳ ಈ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಒಂದು ಸ್ವಿಚ್ ಬದಲಾಯಿಸಿದ್ದಕ್ಕೆ ನೀಲಿ ಪರದೆ ಬಂದು ಆ 48 ಅಂಕಿ ಕೇಳಿದಾಗ ಕೈಯಲ್ಲಿ ಕೀ ಇಲ್ಲದಿದ್ದರೆ ಒಳಗಿರುವುದೆಲ್ಲ ಒಳಗೇ ಉಳಿಯುತ್ತದೆ.

ಅರ್ಹತೆ ಇಲ್ಲದ ಯಂತ್ರಕ್ಕೂ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳಿವೆ. ಹಣಕಾಸಿನ ಕೆಲಸ ಮಾಡುವ ಯಂತ್ರಕ್ಕೆ ನಾನು ಅದನ್ನು ಹೇಳಲಾರೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ, ಅಪ್‌ಡೇಟ್‌ಗಾಗಿಯೇ ತಾನೆ ಈ ಎಲ್ಲ ಪಾಡು? ಅದರ ಬದಲು ವಿಂಡೋಸ್ 10ರ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿಕೊಂಡರೆ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆ ಇದೆ.

ಹಂತ 2: ಬ್ಯಾಕಪ್

ಹೊರಗಿನ ಹಾರ್ಡ್ ಡಿಸ್ಕಿಗೆ ಫೋಟೊ, ಡಾಕ್ಯುಮೆಂಟ್ ನಕಲು ಮಾಡುವುದು ಎಲ್ಲರಿಗೂ ಗೊತ್ತು. ಮರೆತುಹೋಗುವುದು ಬೇರೆ ಸಂಗತಿಗಳು: ಟ್ಯಾಲಿಯ ಡೇಟಾ ಫೋಲ್ಡರ್, ಡಿಜಿಟಲ್ ಸಿಗ್ನೇಚರ್ ಟೋಕನ್‌ನ ಇನ್‌ಸ್ಟಾಲ್ ಫೈಲ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದಿದೆ, ಫಾಂಟ್. ನುಡಿ 01 ಇ ಮುಂತಾದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೆ ಇಡೀ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಮದುವೆ ಪತ್ರಿಕೆ, ಸಂಘದ ನಡಾವಳಿ, ಹಳೆಯ ಪುಸ್ತಕದ ಪುಟಗಳು ಹೀಗೆ ಇಟ್ಟುಕೊಂಡವರು ಬಹಳ ಮಂದಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ‘ಫಾಂಟ್ಸ್’ ತೆರೆದು, ನೀವು ಬಳಸುವ ನುಡಿ, ಬರಹ ಫಾಂಟ್‌ಗಳನ್ನು ಆಯ್ದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಐದು ನಿಮಿಷದ ಕೆಲಸ ಇದು.

ಹಂತ 3: ಫೈಲ್ ಇಳಿಸುವುದು, ಸರಿಯಾಗಿ ಇಳಿದಿದೆಯೇ ಎಂದು ನೋಡುವುದು

ಮೈಕ್ರೋಸಾಫ್ಟ್‌ನ ವಿಂಡೋಸ್ 11 ಡೌನ್‌ಲೋಡ್ ಪುಟದಲ್ಲಿ ‘ಡಿಸ್ಕ್ ಇಮೇಜ್’ ಎಂಬ ಭಾಗಕ್ಕೆ ಹೋಗಿ, ‘ಮಲ್ಟಿ ಎಡಿಷನ್’ ಎಂದಿರುವುದನ್ನು ಆರಿಸಿ. ಹೋಮ್, ಪ್ರೊ ಎರಡಕ್ಕೂ ಇದೊಂದೇ ಫೈಲ್ ಸಾಕು. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಕೂಡ ಇದರಲ್ಲೇ ಇದೆ. ಯಾರೋ ಕಳಿಸಿದ ಲಿಂಕ್, ಟೊರೆಂಟ್, ‘ಹಗುರ ಮಾಡಿದ ವಿಂಡೋಸ್’ ಇವುಗಳ ಹತ್ತಿರ ಸುಳಿಯಬೇಡಿ.

ಫೈಲ್ 5 ಜಿಬಿಗಿಂತ ದೊಡ್ಡದು. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಪ್ಯಾಕಿನಲ್ಲಿ ಹಾಟ್‌ಸ್ಪಾಟ್ ಹಾಕಿ ದಿನಕ್ಕಿಷ್ಟು ಎಂದು ಇಳಿಸಲು ಹೋದರೆ ಕೆಲಸ ಕೆಡುತ್ತದೆ, ಏಕೆಂದರೆ ಆ ಪುಟ ಕೊಡುವ ಲಿಂಕಿಗೆ 24 ಗಂಟೆಯಷ್ಟೇ ಆಯುಸ್ಸು. ಬ್ರಾಡ್‌ಬ್ಯಾಂಡ್ ಇರುವ ನೆಂಟರ ಮನೆಯಲ್ಲೋ ಕಚೇರಿಯಲ್ಲೋ ಒಂದೇ ಬಾರಿಗೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತನ್ನಿ. ಪೆನ್‌ಡ್ರೈವ್ 16 ಜಿಬಿಯದಾಗಿದ್ದರೂ ‘ಫೈಲ್ ತುಂಬಾ ದೊಡ್ಡದು’ ಎಂದು ಅದು ತಕರಾರು ತೆಗೆದರೆ ಜಾಗದ ಕೊರತೆ ಅಲ್ಲ. ಅದು ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದೆ. ಆ ರೀತಿಯಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ. ಪೆನ್‌ಡ್ರೈವನ್ನು ಖಾಲಿ ಮಾಡಿ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಮಾಡಿ.

ಈಗ ಬಹುಪಾಲು ಜನ ಬಿಟ್ಟುಬಿಡುವ, ಆದರೆ ನನ್ನ ಮಟ್ಟಿಗೆ ಈ ಲೇಖನದಲ್ಲೇ ಅತಿ ಮುಖ್ಯವಾದ ಪರೀಕ್ಷೆ. ಇಳಿಯುವಾಗಲೋ ಪೆನ್‌ಡ್ರೈವಿಗೆ ನಕಲಾಗುವಾಗಲೋ ಫೈಲಿನ ಒಂದು ತುಣುಕು ಕೆಟ್ಟಿದ್ದರೂ ಹೊರಗಿನಿಂದ ಅದು ಸರಿಯಾಗಿಯೇ ಕಾಣುತ್ತದೆ, ಕೆಡುವುದು ಇನ್‌ಸ್ಟಾಲ್ ನಡುವೆ. ಹೀಗೆ ನೋಡಿ: ಸ್ಟಾರ್ಟ್ ಮೆನುವಿನಲ್ಲಿ ಪವರ್‌ಶೆಲ್ ತೆರೆದು ‘ಗೆಟ್-ಫೈಲ್‌ಹ್ಯಾಶ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಒಂದು ಸ್ಪೇಸ್ ಕೊಟ್ಟು, ಐಎಸ್‌ಒ ಫೈಲನ್ನು ಮೌಸ್‌ನಿಂದ ಎಳೆದು ಆ ಕಿಟಕಿಯ ಮೇಲೆ ಬಿಡಿ. ವಿಳಾಸ ತಾನಾಗಿ ತುಂಬಿಕೊಳ್ಳುತ್ತದೆ. ಎಂಟರ್ ಒತ್ತಿ ಸ್ವಲ್ಪ ಕಾಯ್ದರೆ ಅಂಕಿ, ಅಕ್ಷರ ಸೇರಿ 64 ಚಿಹ್ನೆಗಳ ಒಂದು ಸಾಲು ಬರುತ್ತದೆ. ಡೌನ್‌ಲೋಡ್ ಪುಟದಲ್ಲೇ ಪ್ರತಿ ಭಾಷೆಯ ಫೈಲಿಗೂ ಇಂಥದ್ದೇ ಸಾಲು ಕೊಟ್ಟಿರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಚಿಹ್ನೆ ಬೇರೆಯಾದರೂ ಆ ಫೈಲ್ ಬೇಡ, ಮತ್ತೆ ಇಳಿಸಿ. ಪೆನ್‌ಡ್ರೈವಿನಿಂದ ಬೇರೆ ಯಂತ್ರಕ್ಕೆ ಹಾಕಿಕೊಂಡಿದ್ದರೆ ಆ ಯಂತ್ರದಲ್ಲೂ ಇದೇ ಪರೀಕ್ಷೆ ಮಾಡಿ.

ಹಂತ 4: ಭಾಷೆ ತಾಳೆಯಾಗಬೇಕು

ಡೌನ್‌ಲೋಡ್ ಪುಟ ಭಾಷೆ ಕೇಳುತ್ತದೆ. ಪಟ್ಟಿಯಲ್ಲಿ ಇಂಗ್ಲಿಷ್ ಎರಡು ಬಗೆ: ‘ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)’ ಮತ್ತು ‘ಇಂಗ್ಲಿಷ್ ಇಂಟರ್‌ನ್ಯಾಷನಲ್’. ಎರಡನೆಯದು ಬ್ರಿಟಿಷ್ ಇಂಗ್ಲಿಷ್. ಭಾರತದಲ್ಲಿ ಇದ್ದೇವಲ್ಲ, ಇಂಟರ್‌ನ್ಯಾಷನಲ್ ಇರಲಿ ಎಂದು ಆರಿಸುವವರಿದ್ದಾರೆ. ಯಂತ್ರದಲ್ಲಿ ಇರುವುದು ಅಮೆರಿಕನ್ ಇಂಗ್ಲಿಷ್ ಆಗಿದ್ದರೆ ಅಲ್ಲೇ ಎಡವಟ್ಟು: ‘ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್’ ಎಂಬ ಆಯ್ಕೆ ಮಸುಕಾಗಿ, ಒತ್ತಲು ಬಾರದಂತೆ ಕೂರುತ್ತದೆ.

ನಿಮ್ಮದು ಯಾವುದು ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘ಡಿಐಎಸ್‌ಎಂ /ಆನ್‌ಲೈನ್ /ಗೆಟ್-ಇಂಟ್ಲ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಕೊನೆಯ ಪದಕ್ಕೆ ಐ, ಎನ್, ಟಿ, ಎಲ್ ಇಷ್ಟೇ ಅಕ್ಷರ. ‘ಡಿಫಾಲ್ಟ್ ಸಿಸ್ಟಮ್ ಯುಐ ಲ್ಯಾಂಗ್ವೇಜ್’ ಎಂಬ ಸಾಲಿನ ಎದುರು ಇಎನ್-ಯುಎಸ್ ಎಂದಿದ್ದರೆ ಯುನೈಟೆಡ್ ಸ್ಟೇಟ್ಸ್ ಫೈಲ್, ಇಎನ್-ಜಿಬಿ ಎಂದಿದ್ದರೆ ಇಂಟರ್‌ನ್ಯಾಷನಲ್ ಫೈಲ್.

ವಿಂಡೋಸ್ ಪರದೆಯನ್ನು ಕನ್ನಡದಲ್ಲಿ ಇಟ್ಟುಕೊಂಡವರು ಕನ್ನಡದ ಐಎಸ್‌ಒ ಹುಡುಕಬೇಡಿ, ಆ ಪಟ್ಟಿಯಲ್ಲಿ ಅದು ಇಲ್ಲ. ವಿಂಡೋಸ್‌ನಲ್ಲಿ ಕನ್ನಡ ಇಂಗ್ಲಿಷಿನ ಮೇಲೆ ಹೊದಿಸಿದ ಪದರ. ತಾಳೆಯಾಗಬೇಕಾದದ್ದು ಅಡಿಯ ಇಂಗ್ಲಿಷ್. ಇನ್‌ಸ್ಟಾಲ್ ಶುರು ಮಾಡುವ ಮೊದಲು ಪರದೆಯ ಭಾಷೆಯನ್ನು ಇಂಗ್ಲಿಷಿಗೆ ತಂದುಕೊಂಡು, ಮುಗಿದ ಮೇಲೆ ಕನ್ನಡಕ್ಕೆ ಮರಳುವುದು ಸಲೀಸು.

ಹಂತ 5: ದಾರಿ ಚೊಕ್ಕ ಮಾಡುವುದು

ಕೀಬೋರ್ಡ್, ಮೌಸ್ ಬಿಟ್ಟು ಯುಎಸ್‌ಬಿಯಲ್ಲಿ ಸಿಕ್ಕಿಸಿರುವ ಎಲ್ಲವನ್ನೂ ಕೀಳಿ. ಪ್ರಿಂಟರ್, ಡಾಂಗಲ್, ಬೆರಳಚ್ಚು ಯಂತ್ರ, ಸಿಗ್ನೇಚರ್ ಟೋಕನ್, ಹೊರಗಿನ ಡಿಸ್ಕ್ ಯಾವುದೂ ಇರಬಾರದು. ಐಎಸ್‌ಒ ಫೈಲನ್ನು ಮೊದಲೇ ಯಂತ್ರದ ಒಳಗಿನ ಡಿಸ್ಕಿಗೆ ಹಾಕಿಕೊಳ್ಳಿ. ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಸುಮ್ಮನೆ ಆಫ್ ಮಾಡಿದರೆ ಸಾಲದು. ಅದನ್ನು ಮತ್ತೆ ಹಾಕಿಕೊಳ್ಳುವವರೆಗೆ ವಿಂಡೋಸ್‌ನ ಡಿಫೆಂಡರ್ ತಾನಾಗಿ ಕಾವಲಿಗೆ ನಿಲ್ಲುತ್ತದೆ. ಸಿ ಡ್ರೈವ್‌ನಲ್ಲಿ ಕನಿಷ್ಠ 30 ಜಿಬಿ ಖಾಲಿ ಇರಲಿ. ವಿಂಡೋಸ್ 10ಕ್ಕೆ ಬಾಕಿ ಇರುವ ಅಪ್‌ಡೇಟ್ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ.

ಇನ್ನು ಕರೆಂಟು. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿಯೇ ಇರಬೇಕು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಹದಿನೈದೇ ನಿಮಿಷ ಹಿಡಿಯುತ್ತದೆ ಎಂಬುದು ನೆನಪಿರಲಿ. ನಿಮ್ಮ ಊರಿನಲ್ಲಿ ಲೋಡ್ ಶೆಡ್ಡಿಂಗ್ ಇಲ್ಲದ ಹೊತ್ತು ನೋಡಿಕೊಂಡು ಕೂರಿ.

ಹಂತ 6: ಇನ್‌ಸ್ಟಾಲ್ ಶುರು

ವಿಂಡೋಸ್ 10 ಓಡುತ್ತಿರುವಾಗಲೇ ಐಎಸ್‌ಒ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಮೌಂಟ್’ ಒತ್ತಿ. ಸಿಡಿ ಹಾಕಿದಾಗ ಕಾಣುವಂತೆ ಹೊಸದೊಂದು ಡ್ರೈವ್ ಕಾಣಿಸುತ್ತದೆ. ಮೌಂಟ್ ಎಂಬುದೇ ಇಲ್ಲದಿದ್ದರೆ ಯಾವುದೋ ಜಿಪ್ ಸಾಫ್ಟ್‌ವೇರ್ ಈ ಫೈಲನ್ನು ತನ್ನದೆಂದುಕೊಂಡಿದೆ. ಆಗ ‘ಓಪನ್ ವಿತ್’ನಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಆರಿಸಿ. ಹೊಸ ಡ್ರೈವ್‌ನೊಳಗಿನ ‘ಸೆಟಪ್’ ಮೇಲೆ ಡಬಲ್ ಕ್ಲಿಕ್ ಮಾಡಿ.

ಪೆನ್‌ಡ್ರೈವಿನಿಂದ ಬೂಟ್ ಮಾಡಿ ಹಾಕುವುದು ಬೇರೆಯೇ ದಾರಿ. ಆ ದಾರಿಯಲ್ಲಿ ನಿಮ್ಮ ಸಾಫ್ಟ್‌ವೇರ್‌ಗಳನ್ನು ಉಳಿಸಿಕೊಂಡು ಏರುವ ಅವಕಾಶ ಇಲ್ಲ.

ಮೊದಲ ಪರದೆಯಲ್ಲಿ ‘ಚೇಂಜ್ ಹೌ ಸೆಟಪ್ ಡೌನ್‌ಲೋಡ್ಸ್ ಅಪ್‌ಡೇಟ್ಸ್’ ಎಂಬ ಸಣ್ಣ ಲಿಂಕ್ ಇರುತ್ತದೆ. ಇಂಟರ್ನೆಟ್ ಚೆನ್ನಾಗಿದ್ದರೆ ಅದನ್ನು ಮುಟ್ಟಬೇಡಿ, ಹೊಸ ಡ್ರೈವರ್‌ಗಳು ಬಂದು ಉಪಕಾರವಾಗುತ್ತದೆ. ನೆಟ್ ಕುಂಟುತ್ತಿದ್ದರೆ, ಅಥವಾ ಹಿಂದಿನ ಸಲ ‘ಅಪ್‌ಡೇಟ್ ಹುಡುಕುತ್ತಿದೆ’ ಎಂಬಲ್ಲೇ ಗಂಟೆಗಟ್ಟಲೆ ನಿಂತಿದ್ದರೆ, ಅಲ್ಲಿ ‘ನಾಟ್ ರೈಟ್ ನೌ’ ಆರಿಸಿ ವೈಫೈ ಆಫ್ ಮಾಡಿ.

‘ರೆಡಿ ಟು ಇನ್‌ಸ್ಟಾಲ್’ ಪರದೆ ಬಂದಾಗ ನಿಂತು ಓದಿ. ‘ಕೀಪ್ ಪರ್ಸನಲ್ ಫೈಲ್ಸ್ ಅಂಡ್ ಆ್ಯಪ್ಸ್’ ಎಂಬುದರ ಎದುರು ಸರಿ ಗುರುತು ಇರಬೇಕು. ‘ಫೈಲ್ಸ್ ಓನ್ಲಿ’ ಎಂದೋ ‘ನಥಿಂಗ್’ ಎಂದೋ ಇದ್ದರೆ ಮುಂದೆ ಹೋಗದೆ ಕ್ಯಾನ್ಸಲ್ ಮಾಡಿ, 4ನೇ ಹಂತಕ್ಕೆ ಮರಳಿ. ಎಲ್ಲ ಸರಿಯಿದ್ದರೆ ‘ಇನ್‌ಸ್ಟಾಲ್’ ಒತ್ತಿ, ಯಂತ್ರವನ್ನು ಅದರ ಪಾಡಿಗೆ ಬಿಡಿ. ಒಂದೇ ಶೇಕಡಾ ಅಂಕಿಯಲ್ಲಿ ಬಹಳ ಹೊತ್ತು ನಿಲ್ಲುವುದು ಮಾಮೂಲು. ಡಿಸ್ಕ್ ದೀಪ ಮಿನುಗುತ್ತಿರುವಷ್ಟು ಹೊತ್ತೂ ಪವರ್ ಬಟನ್ ಮುಟ್ಟಬೇಡಿ. ಸೋತು ಹಿಂದಿರುಗುವಾಗ ‘ಹಿಂದಿನ ವಿಂಡೋಸ್ ಮರಳಿ ತರುತ್ತಿದ್ದೇವೆ’ ಎಂಬ ಅರ್ಥದ ಸಾಲು ಬಂದರಂತೂ ಕೈ ಕಟ್ಟಿ ಕೂರಿ. ನಿಮ್ಮ ಹಳೆಯ ವಿಂಡೋಸ್ ಮತ್ತೆ ಜೋಡಣೆಯಾಗುತ್ತಿರುವ ಹೊತ್ತು ಅದು.

ಹಂತ 7: ನಿಂತುಹೋದರೆ ಸಂಖ್ಯೆಯನ್ನು ಓದಿ

ಹೆಚ್ಚಾಗಿ ಕಾಣಿಸುವ ಸಂಖ್ಯೆ ಹೀಗಿರುತ್ತದೆ: 0ಎಕ್ಸ್‌ಸಿ1900101 - 0ಎಕ್ಸ್30018. ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಇದರಲ್ಲಿ ಎರಡು ಭಾಗ ಇದೆ. ಮೊದಲ ಭಾಗ ‘ಏನಾಯಿತು’ ಎಂದು ಹೇಳುತ್ತದೆ, ಎರಡನೆಯದು ‘ಎಲ್ಲಿ ಆಯಿತು’ ಎಂದು. ಎಲ್ಲರೂ ಮೊದಲ ಭಾಗವನ್ನಷ್ಟೇ ಹುಡುಕುತ್ತಾರೆ. ದಾರಿ ತೋರಿಸುವುದು ಎರಡನೆಯದು, ಅದರಲ್ಲೂ ಎಕ್ಸ್ ಆದ ಮೇಲೆ ಬರುವ ಮೊದಲ ಅಂಕಿ.

ಆ ಅಂಕಿ 1 ಆದರೆ, ವಿಂಡೋಸ್ 10 ಓಡುತ್ತಿದ್ದಾಗಲೇ, ಮೊದಲ ರೀಸ್ಟಾರ್ಟಿಗೂ ಮುಂಚೆ ಸೋತಿದೆ. ಜಾಗ, ಆ್ಯಂಟಿವೈರಸ್, ಕೆಟ್ಟ ಫೈಲ್ ಇವನ್ನು ನೋಡಿ. 2 ಆದರೆ, ರೀಸ್ಟಾರ್ಟ್ ಆಗಿ, ಸೆಟಪ್ ತನ್ನದೇ ಪುಟ್ಟ ವಿಂಡೋಸ್ ಒಳಗೆ ಕೂತು ಫೈಲ್ ಬಿಚ್ಚುವ ಹೊತ್ತಿನಲ್ಲಿ ಸೋತಿದೆ. ಡಿಸ್ಕ್, ಅದರ ಡ್ರೈವರ್, ಹಳೆಯ ಬಯಾಸ್, ಸಿಕ್ಕಿಸಿ ಬಿಟ್ಟ ಯುಎಸ್‌ಬಿ ಸಾಧನಗಳ ಮೇಲೆ ಅನುಮಾನ. 3 ಆದರೆ, ಹೊಸ ವಿಂಡೋಸ್ ಮೊದಲ ಸಲ ಎದ್ದು ನಿಂತಾಗ ಬಿದ್ದಿದೆ. ಗ್ರಾಫಿಕ್ಸ್, ಸೌಂಡ್, ವೈಫೈ ಡ್ರೈವರ್‌ಗಳಲ್ಲಿ ಒಂದು ಕೈ ಕೊಟ್ಟಿರುವ ಸಂಭವ ಹೆಚ್ಚು. 4 ಆದರೆ ಕೊನೆಯ ಘಟ್ಟ: ಹಳೆಯ ಡ್ರೈವರ್ ಅಥವಾ ಹಳೆಯ ಸಾಫ್ಟ್‌ವೇರ್‌ನ ಏನೋ ಒಂದು ಹೊಸದರ ಜೊತೆ ಹೊಂದುತ್ತಿಲ್ಲ.

ಮೊದಲ ಭಾಗದಲ್ಲಿ ನೆನಪಿಡಬೇಕಾದವು ಕೆಲವೇ. ಸಿ1900101 ಎಂಬುದು ಡ್ರೈವರ್ ಗಲಾಟೆ. ಕಂಪ್ಯೂಟರ್ ತಯಾರಿಸಿದ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್ ಹೆಸರು ಕೊಟ್ಟು ಬಯಾಸ್, ಚಿಪ್‌ಸೆಟ್, ಗ್ರಾಫಿಕ್ಸ್ ಡ್ರೈವರ್ ಇದೇ ಕ್ರಮದಲ್ಲಿ ಹೊಸದು ಹಾಕಿ. 80070070 ಎಂದರೆ ಜಾಗ ಸಾಲದು. ಸಿ1900208 ಎಂದರೆ ಹೊಂದದ ಸಾಫ್ಟ್‌ವೇರ್ ಇದೆ, ಅದನ್ನು ತೆಗೆಯಿರಿ. ಸಿ1900200 ಎಂದರೆ ಯಂತ್ರಕ್ಕೆ ಅರ್ಹತೆ ಇಲ್ಲ. 80070570 ಅಥವಾ 8007025ಡಿ ಬಂದರೆ ಫೈಲೋ ಡಿಸ್ಕೋ ಕೆಟ್ಟಿದೆ. 3ನೇ ಹಂತದ 64 ಚಿಹ್ನೆಗಳ ಪರೀಕ್ಷೆ ಮಾಡದೆ ಬಿಟ್ಟಿದ್ದರೆ ಈಗಲಾದರೂ ಮಾಡಿ.

ಹಂತ 8: ಇನ್ನೂ ತಿಳಿಯದಿದ್ದರೆ

ಸೋತು ಹಿಂದಿರುಗಿದ ಮೇಲೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ‘ಲಾಗ್ಸ್’, ಅದರೊಳಗೆ ‘ಸೆಟಪ್‌ಡಯಾಗ್’ ಎಂಬ ಫೋಲ್ಡರ್ ಇದೆಯೇ ನೋಡಿ. ಸೆಟಪ್ ತನ್ನ ಸೋಲನ್ನು ತಾನೇ ಪರಿಶೀಲಿಸಿ ಅಲ್ಲಿ ಬರೆದಿಡುತ್ತದೆ. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಇಂಗ್ಲಿಷ್ ಒರಟಾಗಿದ್ದರೂ ಯಾವ ಡ್ರೈವರ್, ಯಾವ ಸಾಫ್ಟ್‌ವೇರ್ ಎಂಬ ಹೆಸರು ಎಷ್ಟೋ ಸಲ ಅಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹತ್ತು ವರ್ಷ ಹಿಂದಿನ ಪ್ರಿಂಟರ್ ಸಾಫ್ಟ್‌ವೇರ್ ಒಂದನ್ನು ತೆಗೆದು, ಏರಿದ ಮೇಲೆ ಹೊಸದನ್ನು ಹಾಕಿದರೆ ಆಯಿತು.

ಹೆಸರು ಸಿಗದಿದ್ದರೆ ಎರಡು ಚಿಕಿತ್ಸೆ ಇವೆ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ಮೊದಲು ‘ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್’, ಅದು ಮುಗಿದ ಮೇಲೆ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಕೊಡಿ. ವಿಂಡೋಸ್ 10ರ ಕೆಟ್ಟ ಫೈಲ್‌ಗಳಿದ್ದರೆ ಇವು ಸರಿಪಡಿಸುತ್ತವೆ. ಮೊದಲನೆಯದಕ್ಕೆ ಇಂಟರ್ನೆಟ್ ಬೇಕು. ಆಮೇಲೆ ‘ಎಂಎಸ್‌ಕಾನ್ಫಿಗ್’ ತೆರೆದು, ‘ಸರ್ವಿಸಸ್’ನಲ್ಲಿ ಮೈಕ್ರೋಸಾಫ್ಟ್‌ನ ಸೇವೆಗಳನ್ನು ಮರೆಮಾಡುವ ಚೌಕಕ್ಕೆ ತಪ್ಪದೆ ಗುರುತು ಹಾಕಿ, ಉಳಿದವನ್ನು ಡಿಸೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ ಸೆಟಪ್ ಓಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಮೇಲು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಪಕ್ಕದ ಯಂತ್ರಕ್ಕೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಇದೆಲ್ಲ ಆದಮೇಲೂ ಆಗದಿದ್ದರೆ ಆಗ ಅಂಗಡಿಗೆ ಹೋಗಿ. ಸಂಖ್ಯೆಯ ಫೋಟೊ, ಸೆಟಪ್‌ಡಯಾಗ್ ಫೈಲ್ ಎರಡನ್ನೂ ಒಯ್ಯಿರಿ. ಅನುಭವಿ ಟೆಕ್ನಿಷಿಯನ್ ಆ ಎರಡನ್ನು ನೋಡಿಯೇ ಮುಂದಿನ ಮಾತು ಆಡುತ್ತಾರೆ.

ಹಂತ 9: ಏರಿದ ಮೇಲೆ

ಟ್ಯಾಲಿ, ಸಿಗ್ನೇಚರ್ ಟೋಕನ್, ಪ್ರಿಂಟರ್, ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಕಡತ ಇವನ್ನೆಲ್ಲ ಮೊದಲ ದಿನವೇ ತೆರೆದು ನೋಡಿ. ಏನಾದರೂ ತೀರಾ ಕೈಕೊಟ್ಟರೆ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಒತ್ತಿ ವಿಂಡೋಸ್ 10ಕ್ಕೆ ಮರಳಬಹುದು. ಆ ಅವಕಾಶ ಇರುವುದು 10 ದಿನ ಮಾತ್ರ. ಹಳೆಯ ವಿಂಡೋಸ್ ಆವರೆಗೆ ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಇರುತ್ತದೆ. ಜಾಗ ತಿನ್ನುತ್ತಿದೆ ಎಂದು ಡಿಸ್ಕ್ ಕ್ಲೀನಪ್‌ನಿಂದ ಅದನ್ನು ಅವಸರದಲ್ಲಿ ಅಳಿಸಬೇಡಿ.

ಕನ್ನಡದ ಕಡತಗಳಲ್ಲಿ ತುಂಗಾ ಫಾಂಟ್ ಮಾಯವಾಗಿ ಅಕ್ಷರದ ರೂಪ ಬದಲಾಗಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ‘ಆಪ್ಷನಲ್ ಫೀಚರ್ಸ್’ ಹುಡುಕಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿ. ನುಡಿ ಫಾಂಟ್ ಕಾಣದಿದ್ದರೆ ಪೆನ್‌ಡ್ರೈವಿಗೆ ಹಾಕಿಟ್ಟ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ. ಆ್ಯಂಟಿವೈರಸ್ ತೆಗೆದಿದ್ದರೆ ಮತ್ತೆ ಹಾಕಿಕೊಳ್ಳಿ. ಎಂಎಸ್‌ಕಾನ್ಫಿಗ್‌ನಲ್ಲಿ ಡಿಸೇಬಲ್ ಮಾಡಿದ ಸೇವೆಗಳನ್ನು ಮತ್ತೆ ಆನ್ ಮಾಡಿ. ವಿಂಡೋಸ್ ಅಪ್‌ಡೇಟ್ ತೆರೆದು ಬಾಕಿ ಇರುವುದೆಲ್ಲ ಇಳಿಯುವ ತನಕ ಯಂತ್ರವನ್ನು ಆನ್ ಇಡಿ.